ಉಂಡ ರೊಟ್ಟಿ ಏನಾಗುತ್ತದೆ?

ಹಸಿವೆಯನ್ನು ಅರಿಯದ ಮನುಷ್ಯನಿಲ್ಲ. ಆದರೆ ಉಂಡು ಕೈತೊಳೆದ ಮೇಲೆ ಆ ಅನ್ನದ ಗತಿ ಏನಾಯಿತೆಂದು ವಿಚಾರಿಸುವವರು ವಿರಳ. ತುತ್ತು ಗಂಟಲಿನಿಂದ ಕೆಳಗಿಳಿದೊಡನೆ ಅದು ನಮ್ಮ ಅಂಕೆಯಿಂದ ಹೊರಗಾಗುತ್ತದೆ. ಮುಂದಿನ ಕೆಲಸವೆಲ್ಲ ನಮಗೆ ತಿಳಿಯದಂತೆಯೇ ಸಾಗುತ್ತದೆ. ಅದು ಸಾಗದಿದ್ದಾಗ ಮಾತ್ರ ನಮಗೆ ಹೊಟ್ಟೆಯ ನೆನಪು. ನಮ್ಮ ಹಿರಿಯರು ಈ ಕೆಲಸಕ್ಕೆ ಜಠರಾಗ್ನಿ ಎಂದು ಹೆಸರಿಟ್ಟರು. ಪ್ರಾಣಿಗಳ ದೇಹದಲ್ಲಿದ್ದು ಅನ್ನವನ್ನು ಪಚನ ಮಾಡುವ ಬೆಂಕಿಯನ್ನು ಭಗವದ್ಗೀತೆಯ ಹದಿನೈದನೆಯ ಅಧ್ಯಾಯ ವೈಶ್ವಾನರ ಎಂದು ಕರೆದಿದೆ. ಇದನ್ನು ಬರಿಯ ಉಪಮೆಯೆಂದು ತಳ್ಳಿಹಾಕುವಂತಿಲ್ಲ. ದೇಹದೊಳಗೆ ಒಂದು ದಹನ ನಡೆದಿದೆಯೆಂಬ ಮಾತಿಗೆ ವಿಜ್ಞಾನವೂ ಬಂದು ನಿಂತಿದೆ. ಆದರೆ ಆ ಬೆಂಕಿ ಇರುವುದು ಹೊಟ್ಟೆಯಲ್ಲಲ್ಲ. ಅದು ಎಲ್ಲಿದೆ, ಅದಕ್ಕೆ ಉರವಲು ಹೇಗೆ ತಲುಪುತ್ತದೆ, ಉರವಲು ಸಾಲದಾದಾಗ ಏನಾಗುತ್ತದೆ ಎಂಬುದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ದೃಷ್ಟಾಂತಕ್ಕಾಗಿ ನಾನು ದೂರ ಹೋಗುವುದಿಲ್ಲ. ನಾನು ಸಾವಳಗಿಯ ಕಡೆಯವನು. ಜಮಖಂಡಿ ತಾಲೂಕಿನ ಈ ಊರು ಕೃಷ್ಣೆಯ ಉತ್ತರಕ್ಕಿರುವ ಸೀಮೆಯದು. ಹಿಂಗಾರಿ ಬಿಳಿಜೋಳ ಈ ನಾಡಿನ ಹಳೆಯ ಅನ್ನ. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ, ಕೊನೆಗೆ ಮಜ್ಜಿಗೆ. ನಮ್ಮ ಕಡೆಯ ಈ ಸಾಧಾರಣ ಊಟವನ್ನೇ ಹಿಡಿದು ಹೊರಡೋಣ.

ಪಚನಕ್ರಿಯೆ ಬಾಯಿಯಿಂದ ಆರಂಭವಾಗುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಅಡಿಗೆಮನೆಯಿಂದ ಆರಂಭವಾಗುತ್ತದೆಂದು ನಾನು ಹೇಳುತ್ತೇನೆ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯಹೋದರೆ ಅಂಚಿನಲ್ಲಿ ಸೀಳುತ್ತದೆ. ಆದ್ದರಿಂದ ನಮ್ಮ ತಾಯಂದಿರು ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು ನಾದುತ್ತಾರೆ. ಕುದಿನೀರು ತಾಗಿದ ಪಿಷ್ಟದ ಕಣಗಳು ನೀರನ್ನು ಹೀರಿ, ಉಬ್ಬಿ, ಒಡೆದು ಗಂಜಿಯಾಗುತ್ತವೆ. ಆ ಗಂಜಿಯೇ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ. ಹಸಿಯ ಕಾಳಿನೊಳಗಿನ ಪಿಷ್ಟ ಬಿಗಿಯಾಗಿ ಕಟ್ಟಿದ ಮೂಟೆಯಂತಿರುತ್ತದೆ. ನಮ್ಮ ದೇಹದ ರಸಗಳಿಗೆ ಅದರೊಳಗೆ ನುಗ್ಗುವುದು ಕಷ್ಟ. ಕುದಿನೀರು ಮತ್ತು ಹಂಚಿನ ಕಾವು ಆ ಮೂಟೆಯ ಹೊಲಿಗೆಯನ್ನು ಬಿಚ್ಚಿಕೊಡುತ್ತವೆ. ಒಲೆಯೆಂಬುದು ಮೈಯ ಹೊರಗೆ ಇಟ್ಟುಕೊಂಡ ಮೊದಲನೆಯ ಜಠರವೇ ಸರಿ.

ಬಾಯಿಯಲ್ಲಿ ಹಲ್ಲುಗಳು ರೊಟ್ಟಿಯನ್ನು ನುರಿಸುತ್ತವೆ, ಜೊಲ್ಲು ಅದನ್ನು ನೆನೆಸುತ್ತದೆ. ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ನಮ್ಮಲ್ಲಿ ಒಸರುತ್ತದೆ. ಅದರಲ್ಲಿರುವ ಒಂದು ಕಿಣ್ವ ಪಿಷ್ಟವನ್ನು ತುಂಡರಿಸಿ ಸಕ್ಕರೆಯ ಕಡೆಗೆ ತಿರುಗಿಸುತ್ತದೆ. ರೊಟ್ಟಿಯ ಚೂರನ್ನು ಬಹಳ ಹೊತ್ತು ಅಗಿದರೆ ಸಿಹಿಯೆನಿಸುವುದು ಇದರಿಂದಲೇ.

ಮುಂದೆ ಜಠರ. ಇಲ್ಲಿ ಒಸರುವುದು ಉಪ್ಪಿನ ಆಮ್ಲ, ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ನಿಂಬೆಯ ಹುಳಿಯೂ ಅದರ ಮುಂದೆ ಸಪ್ಪೆ. ಜಠರದ ಕೆಲಸವನ್ನು ಮೊದಲು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟವನು ವಿಲಿಯಂ ಬ್ಯೂಮಾಂಟ್ ಎಂಬ ಅಮೆರಿಕದ ಸೈನ್ಯದ ವೈದ್ಯ. ೧೮೨೨ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಹತ್ತಿರದಿಂದ ಗುಂಡು ತಗುಲಿ ಹೊಟ್ಟೆ ತೂತಾಯಿತು. ಮನುಷ್ಯ ಬದುಕಿದ, ಆದರೆ ಆ ತೂತು ಮುಚ್ಚಲಿಲ್ಲ. ಬ್ಯೂಮಾಂಟನು ಮಾಂಸದ ಚೂರನ್ನು, ಎಲೆಕೋಸನ್ನು ರೇಶಿಮೆಯ ದಾರಕ್ಕೆ ಕಟ್ಟಿ ಆ ಕಿಂಡಿಯೊಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡಿದ. ೧೮೩೩ರಲ್ಲಿ ಪ್ರಕಟವಾದ ಅವನ ಗ್ರಂಥ ಒಂದು ಮಾತನ್ನು ಸ್ಥಾಪಿಸಿತು: ಜಠರದಲ್ಲಿ ಬೇಯುವುದಾಗಲಿ ಕೊಳೆಯುವುದಾಗಲಿ ಇಲ್ಲ, ರಾಸಾಯನಿಕ ರಸವೊಂದು ಅನ್ನವನ್ನು ಕರಗಿಸುತ್ತದೆ. ಬಾಟಲಿಗೆ ಸೋಸಿ ತೆಗೆದ ಜಠರರಸವನ್ನು ಮೈಯ ಕಾವಿನಲ್ಲಿ ಇಟ್ಟರೆ ಅದು ಅಲ್ಲಿಯೂ ಮಾಂಸವನ್ನು ಕರಗಿಸಿತು. ಈ ರೋಗಿ ಸಿಟ್ಟಿಗೆದ್ದಾಗ ಅವನ ಪಚನ ಕೆಡುವುದನ್ನೂ ಬ್ಯೂಮಾಂಟ್ ಗುರುತಿಸಿದ. ಊಟಕ್ಕೆ ಕುಳಿತಾಗ ಜಗಳ ಬೇಡವೆಂಬ ನಮ್ಮ ಮನೆಯ ಅಜ್ಜಿಯರ ಮಾತಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಜಠರವನ್ನು ದಾಟಿದ ಅನ್ನ ಸಣ್ಣ ಕರುಳಿಗೆ ಬರುತ್ತದೆ. ನಿಜವಾದ ಪಚನ ನಡೆಯುವುದು ಇಲ್ಲಿಯೇ. ಮೇದೋಜೀರಕ ಗ್ರಂಥಿಯ ರಸ ಆಮ್ಲವನ್ನು ತಣಿಸಿ, ಪಿಷ್ಟ, ಸಸಾರಜನಕ, ಕೊಬ್ಬು ಈ ಮೂರನ್ನೂ ಒಡೆಯುತ್ತದೆ. ಶೇಂಗಾ ಹಿಂಡಿಯ ಎಣ್ಣೆಯನ್ನು ಯಕೃತ್ತಿನ ಪಿತ್ತ ಸಣ್ಣ ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಪಿಷ್ಟ ಸಕ್ಕರೆಯಾಗುತ್ತದೆ, ಕಾಳಿನ ಸಸಾರಜನಕ ಅಮೈನೋ ಆಮ್ಲಗಳಾಗುತ್ತದೆ. ಹೆಸರುಕಾಳು ಹೆಸರುಕಾಳಾಗಿಯೇ ಉಳಿದರೆ ನಮ್ಮ ಮೈಗೆ ಪರಕೀಯ. ಅದು ಅಕ್ಷರ ಅಕ್ಷರವಾಗಿ ಬಿಡಿಸಿಕೊಂಡ ಮೇಲೆ ಮಾತ್ರ ದೇಹ ಆ ಅಕ್ಷರಗಳಿಂದ ತನ್ನದೇ ಮಾತನ್ನು ಬರೆದುಕೊಳ್ಳಬಲ್ಲದು.

ಜೋಳ ಈ ಕೆಲಸಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದರ ಸಸಾರಜನಕದ ಬಹುಭಾಗ ಕಾಫಿರಿನ್ ಎಂಬ ಜಾತಿಯದು. ನೀರಿನಲ್ಲಿ ಬೇಯಿಸಿದಾಗ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಿಣ್ವಗಳಿಗೆ ತಡೆಯೊಡ್ಡುತ್ತವೆ. ಪಿಷ್ಟದ ಕಣಗಳಿಗೂ ಬೇಲಿಯಾಗುತ್ತವೆ. ರೊಟ್ಟಿ ಉಂಡವನಿಗೆ ಹಸಿವೆ ತಡವಾಗಿ ಆಗುತ್ತದೆಂಬ ರೈತರ ಅನುಭವಕ್ಕೆ ಇದೊಂದು ಕಾರಣ. ಒಡೆಯದೆ ಉಳಿದ ನಾರು ದೊಡ್ಡ ಕರುಳನ್ನು ಸೇರಿದಾಗ ಅಲ್ಲಿ ನೆಲಸಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿ, ಕರುಳಿನ ಗೋಡೆಗೇ ಆಹಾರವಾಗುವ ಆಮ್ಲಗಳನ್ನು ತಯಾರಿಸುತ್ತವೆ. ನಾವು ಉಣ್ಣುವ ಊಟದಲ್ಲಿ ಅವುಗಳಿಗೂ ಒಂದು ಎಡೆಯುಂಟು.

ಸಣ್ಣ ಕರುಳಿನ ಒಳಗೋಡೆ ಮಖಮಲ್ಲಿನಂತಿದೆ. ಅದರ ಮೇಲೆ ಬೆರಳಿನಾಕಾರದ ಕೋಟ್ಯಂತರ ಕುಸುರುಗಳು. ಪ್ರತಿಯೊಂದರೊಳಗೂ ರಕ್ತದ ನವುರಾದ ನಾಳ. ಈ ಗೋಡೆಯನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆಂದು ಹಳೆಯ ಪುಸ್ತಕಗಳಲ್ಲಿದೆ. ೨೦೧೪ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳಿಬ್ಬರು ಹೊಸದಾಗಿ ಅಳೆದು, ಇಡೀ ಅನ್ನನಾಳದ ವಿಸ್ತಾರ ಸುಮಾರು ೩೦ ಚದರ ಮೀಟರ್, ಅಂದರೆ ಬ್ಯಾಡ್ಮಿಂಟನ್ ಅಂಗಳದ ಅರ್ಧದಷ್ಟು ಮಾತ್ರ ಎಂದು ತಿದ್ದಿದರು. ಒಂದು ಹೊಟ್ಟೆಯೊಳಗೆ ಅಷ್ಟಾದರೂ ಅಡಗಿರುವುದು ಅಲ್ಪವಲ್ಲ. ದಿನವೂ ಈ ದಾರಿಗೆ ನಾವು ಕುಡಿದದ್ದು, ದೇಹ ತಾನೇ ಸುರಿಸಿದ್ದು ಸೇರಿ ಎಂಟೊಂಬತ್ತು ಲೀಟರ್ ದ್ರವ ಹರಿದುಬರುತ್ತದೆ. ಹೊರಗೆ ಹೋಗುವುದು ಒಂದೆರಡು ನೂರು ಮಿಲಿಲೀಟರ್ ಮಾತ್ರ. ಉಳಿದುದನ್ನೆಲ್ಲ ಕರುಳು ಮರಳಿ ಹೀರಿಕೊಳ್ಳುತ್ತದೆ.

ಹೀರುವ ಈ ಬಾಗಿಲುಗಳಲ್ಲಿ ಒಂದು ವಿಶೇಷವುಂಟು. ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಬಂದಾಗ ತೆರೆಯುವ ಬಾಗಿಲೊಂದಿದೆ. ಅವುಗಳ ಹಿಂದೆ ನೀರೂ ಒಳಸೇರುತ್ತದೆ. ಕಾಲರಾ ರೋಗದಲ್ಲಿಯೂ ಈ ಬಾಗಿಲು ಕೆಡುವುದಿಲ್ಲ. ೧೯೭೧ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ತೀರಿಹೋದಾಗ, ಕಲಕತ್ತೆಯ ವೈದ್ಯ ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸು ಬೆರೆಸಿದ ನೀರನ್ನು ಕುಡಿಸಿಯೇ ಬಹು ಜನರನ್ನು ಉಳಿಸಿದರು. ಇಂದು ಹಳ್ಳಿಯ ಆರೋಗ್ಯಕೇಂದ್ರದಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಒಳಗುಟ್ಟು ಕರುಳಿನ ಈ ಒಂದು ಬಾಗಿಲು.

ಇಲ್ಲಿಗೆ ಪಚನ ಮುಗಿಯಿತು, ಚಯಾಪಚಯ ಮೊದಲಾಯಿತು. ಚಯವೆಂದರೆ ಕೂಡಿಡುವುದು, ಅಪಚಯವೆಂದರೆ ಒಡೆದು ವ್ಯಯಮಾಡುವುದು. ಕರುಳಿನಿಂದ ಹೊರಟ ಸಕ್ಕರೆ ಮೊದಲು ಯಕೃತ್ತೆಂಬ ಉಗ್ರಾಣಕ್ಕೆ ಹೋಗುತ್ತದೆ. ಒಬ್ಬ ವಯಸ್ಕನ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಸಕ್ಕರೆ ಸುಮಾರು ಐದು ಗ್ರಾಮು, ಒಂದು ಚಮಚೆಯಷ್ಟು ಮಾತ್ರ. ಎರಡು ರೊಟ್ಟಿಯಿಂದ ಬರುವುದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ಪ್ರವಾಹವನ್ನು ಸಂಭಾಳಿಸುವುದು ಇನ್ಸುಲಿನ್. ಅದರ ಅಪ್ಪಣೆಯಂತೆ ಯಕೃತ್ತು ಮತ್ತು ಸ್ನಾಯುಗಳು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕಟ್ಟಿಡುತ್ತವೆ. ಯಕೃತ್ತಿನಲ್ಲಿ ಹಿಡಿಸುವುದು ಸುಮಾರು ೧೦೦ ಗ್ರಾಮು, ಸ್ನಾಯುಗಳಲ್ಲಿ ಅದರ ಮೂರು ನಾಲ್ಕು ಪಾಲು. ಅದಕ್ಕೂ ಮೀರಿದ್ದು ಕೊಬ್ಬಾಗಿ ಹಗೇವು ಸೇರುತ್ತದೆ. ನಮ್ಮ ಹಿಂದಿನವರು ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರಷ್ಟೆ. ಮೈಯೂ ಅದೇ ರೈತನ ಬುದ್ಧಿಯನ್ನು ಅನುಸರಿಸುತ್ತದೆ.

ಇನ್ನು ಬೆಂಕಿಯ ಮಾತು. ಫ್ರಾನ್ಸಿನ ಲವಾಜಿಯೆ ೧೭೮೩ರ ಸುಮಾರಿಗೆ ಲಾಪ್ಲಾಸನೊಡನೆ ಒಂದು ಗಿನಿ ಹಂದಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪೆಟ್ಟಿಗೆಯಲ್ಲಿಟ್ಟು, ಅದರ ಮೈಶಾಖಕ್ಕೆ ಕರಗಿದ ನೀರನ್ನು ತೂಗಿದ. ಅದು ಉಸಿರಿನಲ್ಲಿ ಬಿಟ್ಟ ಇಂಗಾಲಾಮ್ಲವನ್ನೂ ಅಳೆದ. ಅಷ್ಟೇ ಇಂಗಾಲಾಮ್ಲ ಹೊರಡುವಂತೆ ಇದ್ದಿಲನ್ನು ಸುಟ್ಟಾಗಲೂ ಹೆಚ್ಚುಕಡಿಮೆ ಅಷ್ಟೇ ಮಂಜು ಕರಗಿತು. ಉಸಿರಾಟವೆಂಬುದು ನಿಧಾನವಾದ ದಹನವೆಂದು ಅವನು ಸಾರಿದ. ಆದರೆ ಆ ದಹನ ಪುಪ್ಪುಸದಲ್ಲಿ ಆಗುತ್ತದೆಂದು ಅವನು ತಿಳಿದಿದ್ದ. ಅದು ಆಗುವುದು ದೇಹದ ಒಂದೊಂದು ಜೀವಕೋಶದಲ್ಲಿಯೂ ಎಂಬುದು ಮುಂದಿನ ಶತಮಾನದಲ್ಲಿ ಸ್ಪಷ್ಟವಾಯಿತು. ವೈಶ್ವಾನರನ ಮನೆ ಹೊಟ್ಟೆಯಲ್ಲ, ಇಡೀ ದೇಹ.

ಕೋಶದ ಈ ಬೆಂಕಿಗೆ ಜ್ವಾಲೆಯಿಲ್ಲ. ಸಕ್ಕರೆ ಹತ್ತಾರು ಮೆಟ್ಟಿಲುಗಳಲ್ಲಿ ಇಳಿಯುತ್ತ, ಪ್ರತಿ ಮೆಟ್ಟಿಲಿನಲ್ಲಿಯೂ ಒಂದಿಷ್ಟು ಶಕ್ತಿಯನ್ನು ಬಿಟ್ಟುಕೊಡುತ್ತದೆ. ಆ ಶಕ್ತಿಯನ್ನು ಹಿಡಿದಿಡುವ ನಾಣ್ಯ ಎಟಿಪಿ ಎಂಬ ವಸ್ತು. ಅದನ್ನು ೧೯೨೯ರಲ್ಲಿ ಕಂಡುಹಿಡಿದವರಲ್ಲಿ ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರೂ ಒಬ್ಬರು. ಹಾರ್ವರ್ಡಿನಲ್ಲಿ ಫಿಸ್ಕ್ ಅವರೊಡನೆ ಅವರು ಅದನ್ನು ಸ್ನಾಯುವಿನಿಂದ ಬೇರ್ಪಡಿಸಿದ ವರ್ಷವೇ ಜರ್ಮನಿಯ ಲೋಮನ್ ಕೂಡ ಅದನ್ನು ಕಂಡರು. ನಮ್ಮ ಮೈಯಲ್ಲಿ ಈ ವಸ್ತು ಒಂದು ಹೊತ್ತಿಗೆ ಇರುವುದು ನೂರು ಗ್ರಾಮಿನ ಆಸುಪಾಸು. ಆದರೆ ಅದು ಖರ್ಚಾಗಿ ಮತ್ತೆ ಮತ್ತೆ ತಯಾರಾಗುವ ಒಟ್ಟು ಮೊತ್ತ ದಿನಕ್ಕೆ ನಮ್ಮ ಮೈತೂಕವನ್ನೇ ಸಮೀಪಿಸುತ್ತದೆ. ಕಣ್ಣು ಮಿಟುಕಿಸುವುದಕ್ಕೂ ಕವಿತೆ ಕಟ್ಟುವುದಕ್ಕೂ ಈ ನಾಣ್ಯವನ್ನೇ ತೆರಬೇಕು. ತೂಕದಲ್ಲಿ ದೇಹದ ನೂರಕ್ಕೆ ಎರಡು ಭಾಗವಾದ ಮಿದುಳು ಖರ್ಚಿನಲ್ಲಿ ನೂರಕ್ಕೆ ಇಪ್ಪತ್ತು ಭಾಗವನ್ನು ಕಸಿದುಕೊಳ್ಳುತ್ತದೆ.

ಮೆಟ್ಟಿಲುಗಳ ಈ ಕೆಲಸಕ್ಕೆ ಉಪಕರಣಗಳು ಬೇಕು. ಜೀವಸತ್ವಗಳ ಮಹತ್ವ ಇರುವುದು ಇಲ್ಲಿಯೇ. ನಯಾಸಿನ್ ಎಂಬ ಜೀವಸತ್ವ ಕಡಿಮೆಯಾದರೆ ಪೆಲ್ಲಾಗ್ರ ಬರುತ್ತದೆ. ಬಿಸಿಲು ತಾಗುವ ಚರ್ಮ ಕರಿಯಾಗಿ ಬಿರಿಯುತ್ತದೆ, ಭೇದಿಯಾಗುತ್ತದೆ, ಬುದ್ಧಿ ಮಂಕಾಗುತ್ತದೆ. ದಕ್ಷಿಣಪಥದಲ್ಲಿ ಜೋಳವೊಂದನ್ನೇ ನಂಬಿದ ಬಡವರಲ್ಲಿ ಈ ರೋಗ ಏಕೆ ಕಾಣಿಸುತ್ತದೆಂಬುದನ್ನು ಹೈದರಾಬಾದಿನಲ್ಲಿ ಗೋಪಾಲನ್ ಮತ್ತು ಶ್ರೀಕಂಟಯ್ಯ ಅವರು ಶೋಧಿಸಿದರು. ಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವೆಂದು ೧೯೬೦ರಲ್ಲಿ ಅವರು ಸೂಚಿಸಿದರು. ಆ ವಾದವನ್ನು ಎಲ್ಲ ವಿಜ್ಞಾನಿಗಳೂ ಒಪ್ಪಲಿಲ್ಲ. ಆದರೆ ರೊಟ್ಟಿಯ ಜೊತೆಗೆ ಕಾಳು, ಶೇಂಗಾ, ಮಜ್ಜಿಗೆ ಇದ್ದ ಎಡೆಯಲ್ಲಿ ಆ ರೋಗಕ್ಕೆ ಆಸ್ಪದ ಕಡಿಮೆ. ದೋಷ ಜೋಳದ್ದಲ್ಲ, ಜೋಳದ ಹೊರತು ಬೇರೇನೂ ಸಿಗದ ಬಡತನದ್ದು.

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಮನುಷ್ಯನಿಗೆ ಎಷ್ಟು ಅನ್ನ ಬೇಕು? ಈ ಪ್ರಶ್ನೆಯನ್ನು ನಮ್ಮ ನಾಡಿನ ಮೇಲೆಯೇ ಒಮ್ಮೆ ಕ್ರೂರವಾಗಿ ಪ್ರಯೋಗಿಸಲಾಗಿತ್ತು. ೧೮೭೬ರಲ್ಲಿ ಮಳೆ ಕೈಕೊಟ್ಟು ದಕ್ಷಿಣ ಭಾರತವನ್ನೆಲ್ಲ ಮಹಾಕ್ಷಾಮ ಆವರಿಸಿತು. ಇಂದಿನ ವಿಜಾಪುರ, ಬಾಗಲಕೋಟೆಗಳ ಬಹುಭಾಗ ಆಗ ಕಲಾದಗಿ ಜಿಲ್ಲೆ. ಮುಂಬಯಿ ಪ್ರಾಂತದಲ್ಲಿ ಅತ್ಯಂತ ಬೇಗುದಿಗೊಳಗಾದ ಜಿಲ್ಲೆಗಳಲ್ಲಿ ಅದೂ ಒಂದು. ೧೮೭೨ರ ಮತ್ತು ೧೮೮೧ರ ಜನಗಣತಿಗಳ ನಡುವೆ ಅದರ ಜನಸಂಖ್ಯೆ ಐದನೆಯ ಒಂದು ಭಾಗದಷ್ಟು ಇಳಿದುಹೋಯಿತು. ಕೆಲವರು ಗುಳೆ ಹೋದರು, ಹಲವರು ಸತ್ತರು.

ಹಸಿದವರಿಗೆ ಸರ್ಕಾರ ಕೆರೆ, ರಸ್ತೆಗಳ ಕಾಮಗಾರಿಯಲ್ಲಿ ಕೂಲಿ ಕೊಟ್ಟಿತು. ಖರ್ಚು ಕಡಿಮೆ ಮಾಡಲು ೧೮೭೭ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅದರ ಮೇಲೆ ಒಂದಿಷ್ಟು ಚಿಲ್ಲರೆ ಸಾಕೆಂದು ಗೊತ್ತುಮಾಡಿದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ದುಡಿಯುವ ಮೈಗೆ ಇದು ಸಾಲದೆಂದು ಲೆಕ್ಕ ಹಾಕಿ ತೋರಿಸಿದ. ಮುಂಬಯಿ ಪ್ರಾಂತದಲ್ಲಿ ಕೂಲಿ ಇಳಿಸಿದಾಗ ಸಾವಿರಾರು ಜನ ಕಾಮಗಾರಿಗಳನ್ನು ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪಕ್ಷವನ್ನು ಹಿಡಿಯಿತು.

ಇಂದಿನ ತಿಳಿವಳಿಕೆಯಿಂದ ಆ ಒಂದು ಪೌಂಡನ್ನು ನಾನು ತೂಗಿ ನೋಡಿದ್ದೇನೆ. ಪೌಂಡೆಂದರೆ ೪೫೪ ಗ್ರಾಮು. ಅಷ್ಟು ಜೋಳದಿಂದ ದೊರೆಯುವ ಶಕ್ತಿ ಸುಮಾರು ೧,೫೫೦ ಕಿಲೊಕ್ಯಾಲರಿ. ಐವತ್ತು ಕಿಲೊ ತೂಕದ ಗಂಡಸು ಏನೂ ಮಾಡದೆ ಹಾಸಿಗೆಯಲ್ಲಿ ಬಿದ್ದುಕೊಂಡಿದ್ದರೂ ಎದೆ ಬಡಿಯಲು, ಉಸಿರಾಡಲು, ಮೈ ಬೆಚ್ಚಗಿರಲು ೧,೩೦೦ರಷ್ಟು ಬೇಕು. ಉಳಿದ ಇನ್ನೂರೈವತ್ತರಲ್ಲಿ ಅವನು ದಿನವಿಡೀ ಗುದ್ದಲಿ ಹಿಡಿದು ಮಣ್ಣು ಅಗೆಯಬೇಕಾಗಿತ್ತು. ಅಂಥ ದುಡಿಮೆಗೆ ಒಟ್ಟು ೨,೮೦೦ ಅಥವಾ ಅದಕ್ಕೂ ಹೆಚ್ಚು ಬೇಕು. ಕೊರತೆಯನ್ನು ತುಂಬುವವರು ಯಾರು? ಮೈಯೇ ತನ್ನನ್ನು ಉರಿಸಿಕೊಳ್ಳಬೇಕು. ಮೊದಲು ಯಕೃತ್ತಿನ ಗ್ಲೈಕೋಜನ್ ಒಂದು ದಿನದೊಳಗೆ ಬರಿದಾಗುತ್ತದೆ. ಆಮೇಲೆ ಕೊಬ್ಬು. ಮೊದಲೇ ಒಣಗಿದ ಕೂಲಿಕಾರನಲ್ಲಿ ನಾಲ್ಕೈದು ಕಿಲೊ ಕೊಬ್ಬಿದ್ದರೆ ಅದು ಹೆಚ್ಚೆಂದರೆ ಒಂದು ತಿಂಗಳ ಕೊರತೆಯನ್ನು ತುಂಬೀತು. ಬಳಿಕ ಸ್ನಾಯು, ಅಂದರೆ ಗುದ್ದಲಿ ಎತ್ತುವ ತೋಳೇ ಉರವಲಾಗುತ್ತದೆ; ಹೃದಯವೂ ಸೊರಗುತ್ತದೆ.

ಇದಕ್ಕಿಂತ ಭೀಕರವಾದ ಸಂಗತಿ ಇನ್ನೊಂದಿದೆ. ಕರುಳಿನ ಒಳಗೋಡೆಯ ಕೋಶಗಳು ಕೆಲವೇ ದಿನ ಬದುಕುತ್ತವೆ. ಹೊಸವು ಸದಾ ಹುಟ್ಟುತ್ತಿರಬೇಕು. ಅನ್ನವಿಲ್ಲದಾಗ ಆ ಕುಸುರುಗಳು ಸವೆದು ಗೋಡೆ ತೆಳ್ಳಗಾಗುತ್ತದೆ. ಆಗ ಅನ್ನ ಕೊಟ್ಟರೂ ಅದನ್ನು ಪಚನ ಮಾಡುವ ಶಕ್ತಿ ಉಳಿದಿರುವುದಿಲ್ಲ. ಉಂಡದ್ದು ಭೇದಿಯಾಗಿ ಹೋಗುತ್ತದೆ. ಮದ್ರಾಸಿನ ಪರಿಹಾರ ಶಿಬಿರದಲ್ಲಿ ಸತ್ತವರ ದೇಹಗಳನ್ನು ಪರೀಕ್ಷಿಸಿದ ವೈದ್ಯ ಅಲೆಕ್ಸಾಂಡರ್ ಪೋರ್ಟರ್ ೧೮೮೯ರಲ್ಲಿ ಆ ಕ್ಷಾಮದ ರೋಗಗಳ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದ. ಬರದಲ್ಲಿ ಅನೇಕರ ಮರಣಕ್ಕೆ ದಾಖಲೆಗಳಲ್ಲಿ ಭೇದಿ, ಜ್ವರ ಎಂದು ಕಾರಣ ಬರೆದಿರುವುದುಂಟು. ಆ ಹೆಸರುಗಳ ಹಿಂದೆ ಇದ್ದದ್ದು ಹಸಿವೆ. ನೆರವು ತಡವಾಗಿ ಬಂದರೆ ಸಾಲದು ಎಂಬುದಕ್ಕೆ ದಯೆಯ ಕಾರಣವಷ್ಟೇ ಅಲ್ಲ, ಕರುಳಿನ ಕಾರಣವೂ ಉಂಟು.

ಕಾಲ ಬದಲಾಯಿತು. ೧೯೮೯ರಲ್ಲಿ ಜಮಖಂಡಿಯ ಬಳಿಯ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಮತ್ತು ಶ್ರಮ ಕೂಡಿಸಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರಾಯಿತು. ನೀರು ಬಂದಲ್ಲಿ ಕಬ್ಬು ಬಂತು, ಕೈಯಲ್ಲಿ ದುಡ್ಡು ಬಂತು. ಬರದ ಭಯ ಹಿಂದೆ ಸರಿದದ್ದು ಸಣ್ಣ ಮಾತಲ್ಲ. ಆದರೆ ಎತ್ತಿನ ಬದಲು ಟ್ರಾಕ್ಟರು, ನಡಿಗೆಯ ಬದಲು ಮೋಟರ್‌ಸೈಕಲ್ಲು ಬಂದವು. ಬಟ್ಟಲಲ್ಲಿ ಸಕ್ಕರೆಯ ಚಹಾ, ತಾಟಿನಲ್ಲಿ ಪಾಲಿಶ್ ಅಕ್ಕಿಯ ಅನ್ನ ಹೆಚ್ಚಿದವು. ಹಿಂದೆ ಪಟ್ಟಣದ ಶ್ರೀಮಂತರ ಕಾಯಿಲೆಯೆನಿಸಿದ್ದ ಸಕ್ಕರೆ ರೋಗದ ಹೆಸರನ್ನು ಈಗ ನಮ್ಮ ಹಳ್ಳಿಯ ಕಟ್ಟೆಗಳ ಮೇಲೆಯೂ ಕೇಳುತ್ತೇನೆ. ಹಗೇವು ತುಂಬಿ, ಮತ್ತೆ ಮತ್ತೆ ತುಂಬುತ್ತಲೇ ಇದ್ದರೆ, ಇನ್ಸುಲಿನ್ನಿನ ಅಪ್ಪಣೆಯನ್ನು ಕೋಶಗಳು ಕೇಳಿಸಿಕೊಳ್ಳದಂತಾಗುತ್ತವೆ. ಸಕ್ಕರೆ ರಕ್ತದಲ್ಲಿಯೇ ನಿಲ್ಲುತ್ತದೆ.

ಇದಕ್ಕೆ ಗರ್ಭದಲ್ಲಿಯೇ ಬೀಜ ಬೀಳಬಹುದೆಂದು ತೋರಿಸಿದ ಸಂಶೋಧನೆಗಳಲ್ಲಿ ಕರ್ನಾಟಕದ್ದೂ ಸೇರಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕವನ್ನು ಜತನವಾಗಿ ಬರೆದಿಟ್ಟಿದ್ದರು. ಆ ಶಿಶುಗಳು ಮಧ್ಯವಯಸ್ಕರಾದಾಗ ಅವರನ್ನು ಹುಡುಕಿ ಪರೀಕ್ಷಿಸಿದ ವರದಿ ೧೯೯೬ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ಪುಣೆಯ ಡಾ. ಯಾಜ್ಞಿಕರ ತಂಡ ನಮ್ಮ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಬಡಕಲಾಗಿದ್ದರೂ ಅವುಗಳ ಮೈಯಲ್ಲಿ ಕೊಬ್ಬು ಅಷ್ಟೊಂದು ಕಡಿಮೆಯಿಲ್ಲವೆಂದು ೨೦೦೩ರಲ್ಲಿ ತೋರಿಸಿತು. ಹಸಿದ ತಾಯಿಯ ಹೊಟ್ಟೆಯಲ್ಲಿ ಬೆಳೆದ ಕೂಸು ಕೊರತೆಯ ಲೋಕಕ್ಕೆ ಸಿದ್ಧವಾಗಿ ಬರುತ್ತದೆ. ಸಮೃದ್ಧಿ ಎದುರಾದಾಗ ಅದರ ಮೈ ತತ್ತರಿಸುತ್ತದೆ ಎಂಬುದು ಈ ಶೋಧನೆಗಳಿಂದ ಬೆಳೆದ ವಿಚಾರ. ಹಾಗಾದರೆ ಬಸುರಿಯ ತಾಟಿನಲ್ಲಿ ಏನಿದೆ ಎಂಬುದು ಮುಂದಿನ ಅರ್ಧ ಶತಮಾನದ ಆರೋಗ್ಯದ ಪ್ರಶ್ನೆ. ಮನೆಯವರೆಲ್ಲ ಉಂಡಾದ ಮೇಲೆ ಉಳಿದದ್ದನ್ನು ಅವಳು ಉಣ್ಣಬೇಕೆಂಬ ರೂಢಿ ಎಷ್ಟು ದುಬಾರಿಯೆಂಬುದನ್ನು ನಾವು ಇನ್ನಾದರೂ ಲೆಕ್ಕ ಹಾಕಬೇಕು.

ಉಳಿದವರಿಗೆ ದೇಹ ತಾನೇ ಒಂದು ಉಪಾಯವನ್ನು ಇಟ್ಟುಕೊಂಡಿದೆ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೇ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಉಂಡ ಬಳಿಕ ಕಾಲು ಗಂಟೆ ನಡೆದರೂ ಅದರ ಪ್ರಯೋಜನವುಂಟು. ನಮ್ಮ ಹಳೆಯ ಎಡೆಯೂ, ಅಂದರೆ ರೊಟ್ಟಿ, ಕಾಳು, ಸೊಪ್ಪು, ಮಜ್ಜಿಗೆ, ಈ ವಿಚಾರದಲ್ಲಿ ಇಂದಿಗೂ ಸಲ್ಲುವಂಥದು. ಆದರೆ ಆ ಎಡೆ ಹೊಲದ ದುಡಿಮೆಯ ಜೊತೆಗೆ ಬಂದದ್ದೆಂಬುದನ್ನು ಮರೆಯಬಾರದು. ಕುಳಿತು ಉಣ್ಣುವವನಿಗೆ ಜೋಳವೂ ಹೆಚ್ಚಾದರೆ ಹೆಚ್ಚೇ. ಹಿಂದೆ ಒಂದು ಪೌಂಡು ಸಾಲದೆ ಸತ್ತ ಕೂಲಿಕಾರನಿಗೂ, ಇಂದು ಸಕ್ಕರೆ ರೋಗದ ಗುಳಿಗೆ ನುಂಗುವ ಅವನ ಮರಿಮಗನ ಮಗನಿಗೂ ದೇಹ ಹಾಕುವ ಲೆಕ್ಕ ಒಂದೇ: ಬಂದದ್ದು ಎಷ್ಟು, ಉರಿದದ್ದು ಎಷ್ಟು, ಉಳಿದದ್ದು ಎಷ್ಟು. ಈ ಲೆಕ್ಕವನ್ನು ದೇಹ ಎಂದೂ ತಪ್ಪುವುದಿಲ್ಲ; ಅದನ್ನು ಓದಲು ನಾವು ಕಲಿಯಬೇಕಾಗಿದೆ.